ಕತ್ತಿನ ಬಕೆಟ್ಟು

“ಕಳ್ಳಮುಂಡೇರಾ, ಉಚ್ಚೇಲೂ ಮೋಸ ಮಾಡ್ತೀರಲ್ರೇ!”

ಮೇಸ್ತ್ರಿ ಬಾಗಿಲಲ್ಲೇ ನಿಂತು ಹೀಗೆ ಕೂಗಿದಾಗ ನನ್ನ ಕೈಯಲ್ಲಿ ಅರ್ಧ ಹಂದಿಯಿತ್ತು. ನಮ್ಮ ಕಸಾಯಿಖಾನೆಯಲ್ಲಿ ಕೊಕ್ಕೆಗೆ ಸಿಕ್ಕಿಸಿದ ಹಂದಿಗಳು ಸರಪಳಿಯಲ್ಲಿ ತೇಲಿಕೊಂಡು ಒಂದರ ಹಿಂದೊಂದು ಬರುತ್ತವೆ. ಸರಪಳಿ ನಿಲ್ಲುವುದಿಲ್ಲ. ಮೇಸ್ತ್ರಿ ಬೈದರೂ ನಿಲ್ಲುವುದಿಲ್ಲ, ನಮ್ಮಲ್ಲೊಬ್ಬರು ಬಿದ್ದು ಸತ್ತರೂ ನಿಲ್ಲುವುದಿಲ್ಲ. ಹಾಗಾಗಿ ನಾನು ತಲೆ ಎತ್ತದೆ ಹಂದಿಯ ಕತ್ತಿನಲ್ಲಿ ಚೂರಿ ಆಡಿಸುತ್ತಲೇ ಇದ್ದೆ. ಪಕ್ಕದಲ್ಲಿ ನನ್ನಕ್ಕ ತೊಡೆ ಬಿಡಿಸುತ್ತಿದ್ದಳು.

“ನಿನ್ನ ಮಗಳ ಸುದ್ದಿನೇ ಕಣೇ,” ಎಂದು ಮೇಸ್ತ್ರಿ ಸೀದಾ ಬಂದು ಅಕ್ಕನ ಮೂಗಿನ ಕೆಳಗೆ ಮೊಬೈಲು ಹಿಡಿದ. “ಓದು. ಓ, ನಿಂಗೆಲ್ಲಿ ಓದಕ್ಕೆ ಬರತ್ತೆ! ನಾನೇ ಓದ್ತೀನಿ ಕೇಳು. ಚಿನ್ನದ ಜಿಂಕೆ ಅಲ್ಲ, ಮಾಯಾಜಿಂಕೆ! ಓಟದ ಹುಡುಗಿಯ ಮೂತ್ರದಲ್ಲಿ ನಿಷೇಧಿತ ಮದ್ದು! ಹೆಂಗಿದೆ?”

“ಸುಳ್ಳು,” ಅಂದಳು ಅಕ್ಕ. ಅವಳ ಚೂರಿ ಒಂದು ಗಳಿಗೆ ನಿಂತು ಮತ್ತೆ ಆಡಿತು.

“ಪೇಪರ್ನೋರು ಸುಳ್ಳು, ಡಾಕ್ಟ್ರು ಸುಳ್ಳು, ನಿನ್ ಮಗಳ ಉಚ್ಚೆ ಮಾತ್ರ ಸತ್ಯಹರಿಶ್ಚಂದ್ರ! ಧಣಿ ಅವಳ ಫೋಟೋನ ಲಾರಿ ಮೇಲೆಲ್ಲ ಹಾಕ್ಸಿದ್ರಲ್ಲೇ. ಉಂಡ ಮನೆಗೆ ಎರಡು ಬಗೆಯೋ ಜಾತಿ. ಥೂ!”

ಆ ಉಗುಳು ನಾವು ಆಗತಾನೇ ತೊಳೆದ ನೆಲದ ಮೇಲೆ ಬಿತ್ತು. ನೆಲ ತೊಳೆಯುವವರೂ ನಾವೇ ಆದ್ದರಿಂದ ಅವನಿಗೆ ಅದರ ಚಿಂತೆಯಿರಲಿಲ್ಲ.

ಜಿಂಕೆ ಎನ್ನುವುದು ಪೇಪರಿನವರು ಇಟ್ಟ ಹೆಸರು. ನಮಗೆ ಅವಳು ಮಿಡತೆ. ಹುಟ್ಟಿದಾಗಲೇ ಕೈಕಾಲು ಕಡ್ಡಿ ಕಡ್ಡಿ, ಒಂದು ಕಡೆ ಕೂತ ಮಗುವಲ್ಲ, ಅದಕ್ಕೇ ಆ ಹೆಸರು ಬಂತು. ನಮ್ಮ ಸಾಲುಮನೆಗಳಿಂದ ಸ್ಕೂಲಿಗೆ ಹೋಗಬೇಕಾದರೆ ಕಸಾಯಿಖಾನೆಯ ಹಿಂದಿನ ನಾಯಿಗಳ ಹಿಂಡನ್ನು ದಾಟಬೇಕು. ನೆತ್ತರ ರುಚಿ ಕಂಡ ನಾಯಿಗಳು ಅವು. ಮಿಡತೆ ಓಡಲು ಕಲಿತದ್ದು ಅವುಗಳಿಂದಲೇ. ಆಮೇಲೊಬ್ಬ ಕೋಚು ಬಂದ, ಎಲ್ಲ ತಾನೇ ಕಲಿಸಿದ್ದೆಂದು ಪೇಪರಿಗೆ ಹೇಳಿದ. ಅವನಿಗೆ ಹಾರ ಹಾಕಿದರು, ನಾಯಿಗಳಿಗೆ ಯಾರೂ ಹಾಕಲಿಲ್ಲ.

ಮೈದಾನದ ಎರಡು ಸುತ್ತಿನ ಓಟದಲ್ಲಿ ಅವಳು ದೇಶಕ್ಕೇ ಮೊದಲು ಬಂದ ದಿನ ಧಣಿ ಅವಳ ಹೆಗಲ ಮೇಲೆ ಕೈಯಿಟ್ಟು ಫೋಟೋ ತೆಗೆಸಿಕೊಂಡ. ಹಂದಿ ಸಾಕುವ ದೊಡ್ಡಿ ಅವನದು. ಕಡಿಯುವ ಕಸಾಯಿಖಾನೆ ಅವನದು, ಮಾರುವ ಅಂಗಡಿಗಳು ಅವನವು, ನಾವು ತಲೆಯಿಡುವ ಸಾಲುಮನೆಯೂ ಅವನದೇ. ಇಷ್ಟೆಲ್ಲ ಇದ್ದವನು ಓಟವೊಂದನ್ನು ಯಾಕೆ ಬಿಡಬೇಕು? ಕ್ರೀಡಾ ಸಂಘದ ಅಧ್ಯಕ್ಷನೂ ಅವನೇ. ಸ್ವಲ್ಪ ದಿನದಲ್ಲೇ ಮಾಂಸದ ಲಾರಿಗಳ ಮೇಲೆಲ್ಲ ಮಿಡತೆ ಓಡತೊಡಗಿದಳು. ಕೆಳಗೆ ದಪ್ಪ ಅಕ್ಷರದಲ್ಲಿ, ‘ಇವಳ ಬಲ, ನಮ್ಮ ಮಾಂಸ’ ಎಂದು ಬರೆಸಿದ್ದ. ನಾನು ಓದಿ ಹೇಳಿದಾಗ ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು. ಧಣಿಯ ಅಂಗಡಿಯ ಮಾಂಸ ನಮ್ಮ ಹೊಸ್ತಿಲು ದಾಟಿದ್ದು ಯಾವ ಕಾಲದಲ್ಲಿ?

ನಮ್ಮ ಹೊಸ್ತಿಲು ದಾಟುತ್ತಿದ್ದುದು ಕತ್ತಿನ ಬಕೆಟ್ಟು. ಹಂದಿಗೆ ಬೇಗ ಮೈ ಹತ್ತಲೆಂದು ಅದರ ಕಿವಿಯ ಹಿಂದೆ ಎಣ್ಣೆಯಂಥ ಒಂದು ಮದ್ದು ಚುಚ್ಚುತ್ತಾರೆ. ಚುಚ್ಚುವವನು ನನ್ನ ಭಾವ, ಮಿಡತೆಯ ಅಪ್ಪ. ಅವನನ್ನು ಎಲ್ಲರೂ ಸೂಜಿ ಎಂದೇ ಕರೆಯುವುದು. ಚುಚ್ಚಿದ ಕಡೆ ಗಂಟು ಕಟ್ಟುತ್ತದೆ. ಗಂಟಿರುವ ಮಾಂಸ ಅಂಗಡಿಗೆ ಹೋಗಬಾರದು. ಅದನ್ನು ಕೊಯ್ದು ತೆಗೆಯುವುದೇ ನನ್ನ ಕೆಲಸ. ಕೊಯ್ದದ್ದನ್ನು ಗುಂಡಿಗೆ ಹಾಕಿ ಸುಣ್ಣ ಸುರಿಯಬೇಕೆಂದು ನಿಯಮ. ಗುಂಡಿಗೆ ಸುಣ್ಣವೇನೋ ಬೀಳುತ್ತಿತ್ತು. ಮಾಂಸ ಮಾತ್ರ ನನ್ನ ಮೇಜಿನ ಕೆಳಗಿನ ಬಕೆಟ್ಟಿಗೆ ಬೀಳುತ್ತಿತ್ತು. ಕೊಬ್ಬು ಮಾಂಸ ಹದವಾಗಿ ಬೆರೆತ ಭಾಗ ಅದು. ಗಂಟನ್ನು ಅದುಮಿ ತೊಳೆದು, ಉಪ್ಪು ಖಾರ ಹಾಕಿ ಬೇಯಿಸಿದರೆ ಯಾವ ಮದ್ದು ಉಳಿದೀತು ಎಂದು ನಮ್ಮ ಲೆಕ್ಕ. ಹಂದಿಗೆ ಮೈ ಹತ್ತಿಸಿದ್ದು ತಿಂದವರಿಗೂ ಒಂದಿಷ್ಟು ಹತ್ತಲಿ ಎಂಬ ಆಸೆಯೂ ಇತ್ತು.

ಬಕೆಟ್ಟಿಗೆ ಸರದಿಯಿತ್ತು. ಇವತ್ತು ಈ ಮನೆ, ನಾಳೆ ಆ ಮನೆ. ಮೇಸ್ತ್ರಿಗೆ ಎಲ್ಲ ಗೊತ್ತು. ನಾವು ಕೆಲಸ ಮುಗಿದ ಮೇಲೆ ಕೂಲಿ ಕೇಳದೆ ನೆಲ ತೊಳೆಯುತ್ತಿದ್ದೆವು, ಅವನು ಬಕೆಟ್ಟು ಕಾಣದೆ ಕುರುಡಾಗುತ್ತಿದ್ದ. ಗೋಡೆಯ ಮೇಲೆ, ‘ಒಂದು ತುಂಡು ಹೊರಗೆ ಹೋದರೂ ಕಳ್ಳತನ, ಕೆಲಸದಿಂದ ವಜಾ’ ಎಂದು ಕೆಂಪು ಬಣ್ಣದಲ್ಲಿ ಬರೆದಿತ್ತು. ಆ ಗೋಡೆಯನ್ನೂ ನಾವೇ ತೊಳೆಯುತ್ತಿದ್ದೆವು.

ಮಿಡತೆ ದೇಶದ ಕ್ರೀಡಾಕೂಟಕ್ಕೆ ಆಯ್ಕೆಯಾದಾಗ ಸಾಲಿನ ಹೆಂಗಸರೆಲ್ಲ ಸೇರಿ ಒಂದು ಮಾತಿಗೆ ಬಂದರು. ಕೂಟ ಮುಗಿಯುವವರೆಗೆ ಯಾರಿಗೂ ಸರದಿ ಬೇಡ, ಬಕೆಟ್ಟು ದಿನಾ ಅಕ್ಕನ ಮನೆಗೇ ಹೋಗಲಿ, ಓಡುವ ಹುಡುಗಿ ತಿನ್ನಲಿ. ತಮ್ಮ ಮಕ್ಕಳಿಗೆ ಬರೀ ಗಂಜಿ ಬಡಿಸಿ ನಮ್ಮ ಮಗುವಿಗೆ ಮಾಂಸ ಕೊಟ್ಟರು. ಆ ದಿನಗಳಲ್ಲಿ ಅಕ್ಕ ಒಲೆಯ ಮುಂದೆ ಕೂತು, “ನಮ್ಮ ಜನ ಇಷ್ಟು ಒಳ್ಳೇರು ಅಂತ ಗೊತ್ತಿರ್ಲಿಲ್ಲ ಕಣೇ,” ಎಂದು ಕಣ್ಣೊರೆಸಿಕೊಳ್ಳುತ್ತಿದ್ದಳು.

ಓಟ ಗೆದ್ದ ಕೂಡಲೇ ಉಚ್ಚೆ ಪರೀಕ್ಷೆಗೆಂದು ಒಬ್ಬ ಆಫೀಸರಮ್ಮ ಬಾಟಲಿ ಹಿಡಿದು ಬಂದಳಂತೆ. ಬಾಗಿಲು ತೆಗೆದಿಟ್ಟೇ ಕೂರಬೇಕು, ಅವಳು ಎದುರು ನಿಂತು ನೋಡಬೇಕು.

“ಅಯ್ಯೋ, ನಾಚಿಕೆ ಆಗಲ್ವಂತೇನೇ ಆ ಹೆಂಗಸಿಗೆ?” ಎಂದು ಅಕ್ಕ ಕೇಳಿದ್ದಳು.

“ನಮ್ಮ ಸಾಲಿನ ಕಕ್ಕಸ್ಸಿಗೆ ಬಾಗಿಲೇ ಇಲ್ಲ ಬಿಡಮ್ಮ, ನಂಗೇನು ಹೊಸದಾ,” ಎಂದು ಮಿಡತೆ ನಕ್ಕಿದ್ದಳು.

ಅವಳು ಕುಡಿದ ಲೋಟವನ್ನು ಬೇರೆ ಇಡುವ ಜನ, ಅವಳ ಉಚ್ಚೆಯನ್ನು ಎರಡು ಬಾಟಲಿಗೆ ಹಂಚಿ, ಮುದ್ರೆಯೊತ್ತಿ, ಐಸಿನಲ್ಲಿಟ್ಟು ವಿಮಾನ ಹತ್ತಿಸಿದರು. ನಮ್ಮ ವಂಶದಲ್ಲಿ ವಿಮಾನ ಹತ್ತಿದ್ದು ಅದೇ ಮೊದಲು. ಹಿಂದೆಯೇ ಮಿಡತೆಯೂ ಹತ್ತುವುದಿತ್ತು, ಹೊರದೇಶದ ದೊಡ್ಡ ಕೂಟಕ್ಕೆ. ಈಗ ಅದು ಹೋಯಿತು. ತಪ್ಪು ನಿಜವೆಂದಾದರೆ ನಾಲ್ಕು ವರ್ಷ ಯಾವ ಓಟಕ್ಕೂ ಇಳಿಯುವಂತಿಲ್ಲ ಎಂದು ಪೇಪರಿನಲ್ಲಿತ್ತು. ಓಡುವ ಕಾಲನ್ನು ನಾಲ್ಕು ವರ್ಷ ಕಟ್ಟಿಹಾಕಿದರೆ ಆಮೇಲೆ ಅದು ಬರೀ ನಡೆಯುವ ಕಾಲು.

ಸಂಘದ ಕಾರ್ಯದರ್ಶಿ ನಮ್ಮನ್ನು ಕರೆಸಿದ. ಮಿಡತೆ, ಅಕ್ಕ, ಭಾವ, ನಾನು, ನಾಲ್ವರೂ ಹೋದೆವು. ದೊಡ್ಡ ಗಾಜಿನ ಮೇಜು, ಅದರ ಹಿಂದೆ ಕಪಾಟಿನ ತುಂಬ ಬೆಳ್ಳಿ ಕಪ್ಪುಗಳು. ಗೋಡೆಗೆ ಅಂಟಿಸಿದ್ದ ಮಿಡತೆಯ ಚಿತ್ರವನ್ನು ಆಗಲೇ ಹರಿದಿದ್ದರು. ಗೋಂದು ಗಟ್ಟಿಯಾಗಿದ್ದ ಕಡೆ ಎರಡು ಕಾಲು ಮಾತ್ರ ಉಳಿದಿದ್ದವು. ಅವನ್ನು ಕೆರೆದು ತೆಗೆಯುತ್ತಿದ್ದವಳು ನಮ್ಮ ಸಾಲಿನ ಬೊಚ್ಚಜ್ಜಿ. ಬಾಯಲ್ಲಿ ಒಂದೂ ಹಲ್ಲಿಲ್ಲ. ಆ ಕಚೇರಿಯನ್ನು ಗುಡಿಸುವವಳೂ ಅವಳೇ, ಕಪ್ಪು ಒರೆಸುವವಳೂ ಅವಳೇ, ಗಂಟೆ ಬಾರಿಸಿದರೆ ಓಡಿಬರುವವಳೂ ಅವಳೇ. ನಮ್ಮನ್ನು ನೋಡಿ ಕೆರೆಯುವುದನ್ನು ನಿಲ್ಲಿಸಿದಳು.

“ಏಯ್ ಮುದುಕಿ, ಕೈ ಯಾಕೆ ನಿಲ್ತು?” ಎಂದ ಕಾರ್ಯದರ್ಶಿ. ಬೊಚ್ಚಜ್ಜಿ ಮತ್ತೆ ಕೆರೆಯತೊಡಗಿದಳು.

ಕುರ್ಚಿಗಳಿದ್ದವು. ಕೂರಿ ಎಂದು ಯಾರೂ ಹೇಳಲಿಲ್ಲ. ಬಾಟಲಿ ಹಿಡಿದಿದ್ದ ಆಫೀಸರಮ್ಮ ಒಂದು ಕುರ್ಚಿಯಲ್ಲಿ ಕೂತು ನಮ್ಮ ಕಾಲುಗಳನ್ನು ನೋಡುತ್ತಿದ್ದಳು.

“ಹೇಳಮ್ಮ, ಯಾರು ಕೊಟ್ಟಿದ್ದು? ಮಾತ್ರೆನೋ ಸೂಜಿನೋ?” ಕಾರ್ಯದರ್ಶಿ ಮಿಡತೆಯನ್ನು ಕೇಳಿದ.

“ಯಾರೂ ಏನೂ ಕೊಟ್ಟಿಲ್ಲ ಸಾರ್.”

“ಹಂಗಾದ್ರೆ ಆಕಾಶದಿಂದ ಉದುರ್ತಾ?”

“ನಂಗೊತ್ತಿಲ್ಲ ಸಾರ್. ನಾನು ತಲೆನೋವಿಗೂ ಮಾತ್ರೆ ನುಂಗಿಲ್ಲ.”

“ನೋಡು, ಈ ಕೆಲಸದಲ್ಲಿ ನನ್ನ ತಲೆ ಬೆಳ್ಳಗಾಗಿದೆ. ಒಳ್ಳೊಳ್ಳೆ ಮನೆ ಮಕ್ಕಳೂ ತಗೋತಾರೆ, ಇಲ್ಲ ಅನ್ನಲ್ಲ. ಆದ್ರೆ ಅವರು ಮನುಷ್ಯರ ಔಷಧಿ ತಗೋತಾರೆ. ನಿನ್ನ ಉಚ್ಚೇಲಿ ಸಿಕ್ಕಿರೋದು ಏನು ಗೊತ್ತಾ? ಹಂದಿ ಕೊಬ್ಬಲಿ ಅಂತ ಚುಚ್ಚೋ ಮದ್ದು! ಥೂ, ಮೋಸ ಮಾಡಕ್ಕಾದ್ರೂ ಒಂದು ಅಂತಸ್ತು ಬೇಡ್ವಾ?”

ಆಫೀಸರಮ್ಮ ಕರ್ಚೀಫಿನಲ್ಲಿ ಬಾಯಿ ಮುಚ್ಚಿ ನಕ್ಕಳು. ಭಾವ ತನ್ನ ಬಲಗೈಯನ್ನು ಮೆಲ್ಲಗೆ ಬೆನ್ನ ಹಿಂದೆ ಸರಿಸಿದ. ಅದನ್ನು ನಾನು ನೋಡಿದೆ, ಆದರೆ ಆ ಗಳಿಗೆಯಲ್ಲಿ ನನಗೆ ಹೊಳೆಯಲಿಲ್ಲ.

ಹೊರಗೆ ಬಂದು ಬಸ್ಸಿಗೆ ಕಾಯುವಾಗ ಭಾವ ಚರಂಡಿಯ ಅಂಚಿನಲ್ಲಿ ಕುಸಿದು ಕೂತ.

“ನಾನೇ ಕಣೇ,” ಅಂದ ಅಕ್ಕನಿಗೆ. “ಅವನು ಹೇಳಿದ ಮದ್ದು ನಾನೇ ಚುಚ್ಚೋದು. ಮೊದಲೆಲ್ಲ ಕೊನೇ ಸೂಜಿ ಚುಚ್ಚಿ ವಾರಗಟ್ಟಲೆ ಕಾಯ್ತಿದ್ವಿ. ಈಗ ಧಣಿಗೆ ಆತುರ. ಕೊನೇ ಸೂಜಿ ಇವತ್ತು ಚುಚ್ಚು, ನಾಳೆ ಕಡಿ ಅಂತಾರೆ. ಮದ್ದೆಲ್ಲ ಕತ್ತಲ್ಲೇ ಕೂತಿರತ್ತೆ.”

ಅಕ್ಕ ಕಾಲಿನ ಚಪ್ಪಲಿ ಕಳಚಿ ಅವನ ಹೆಗಲಿಗೆ, ಬೆನ್ನಿಗೆ ಬಾರಿಸತೊಡಗಿದಳು. ಅವನು ತಡೆಯಲಿಲ್ಲ. ಬಸ್ಸಿಗೆ ಕಾಯುತ್ತಿದ್ದವರಿಗೆ ಪುಕ್ಕಟೆ ನಾಟಕವಾಯಿತು. ಕೊನೆಗೆ ಮಿಡತೆ ಅಮ್ಮನ ಕೈ ಹಿಡಿದಳು.

“ಅಪ್ಪನ್ನ ಯಾಕೆ ಹೊಡೀತೀಯಾ? ಅಪ್ಪ ಚುಚ್ಚಿದ, ಚಿಕ್ಕಮ್ಮ ಕೊಯ್ದಳು, ನೀನು ಬೇಯಿಸಿದೆ, ನಾನು ತಿಂದೆ. ಹೊಡೆಯೋದಾದ್ರೆ ಸಾಲಾಗಿ ನಿಲ್ಲಿಸಿ ಹೊಡಿ.”

ಅಕ್ಕನ ಕೈಯಿಂದ ಚಪ್ಪಲಿ ಜಾರಿತು. ಅವಳು ಭಾವನ ಪಕ್ಕದಲ್ಲೇ ಕೂತು ಬಿಕ್ಕಿ ಬಿಕ್ಕಿ ಅತ್ತಳು. ದಿನಾ ಬಕೆಟ್ಟಿನಲ್ಲಿ ಒಳ್ಳೆಯ ತುಂಡು ಆರಿಸಿ, ಬೇರೆಯವರ ಮಕ್ಕಳ ಬಾಯಿಂದ ತಪ್ಪಿಸಿ ತಂದದ್ದು ಇದಕ್ಕೇನಾ ಎಂದು ಎದೆ ಬಡಿದುಕೊಂಡಳು. ಆಗ ಧಣಿಯ ಲಾರಿಯೊಂದು ಹಾದುಹೋಯಿತು. ಅದರ ಮೇಲಿದ್ದ ಮಿಡತೆಯ ಚಿತ್ರವನ್ನು ಇನ್ನೂ ಕಿತ್ತಿರಲಿಲ್ಲ. ಮಿಡತೆ ಅದು ತಿರುವಿನಲ್ಲಿ ಮರೆಯಾಗುವವರೆಗೂ ನೋಡಿದಳು.

“ಇವಳ ಬಲ, ನಮ್ಮ ಮಾಂಸ,” ಎಂದು ಓದಿದಳು. “ನಾವೇ ಸುಮ್ನೆ ನಕ್ಕಿದ್ವಿ ಚಿಕ್ಕಮ್ಮ. ಪಾಪ, ಅವರು ನಿಜಾನೇ ಬರೆಸಿದ್ರು.”

ಮಾರನೆಯ ದಿನ ನಾವೇ ಧಣಿಯ ಬಂಗಲೆಗೆ ಹೋದೆವು. ಅವನು ಜಗಲಿಯಲ್ಲಿ ಕೂತು ಕಾಫಿ ಕುಡಿಯುತ್ತಿದ್ದ, ಮೇಸ್ತ್ರಿ ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದ. ಧಣಿ ಯಾರನ್ನೂ ಬೈಯುವವನಲ್ಲ. ಬೈಯುವುದಕ್ಕೆ ಮೇಸ್ತ್ರಿಯನ್ನು ಇಟ್ಟಿದ್ದಾನೆ. ನಾವು ಮೆಟ್ಟಿಲ ಕೆಳಗೆ ನಿಂತು ಹೇಳಿದ್ದನ್ನೆಲ್ಲ ತಾಳ್ಮೆಯಿಂದ ಕೇಳಿದ.

“ನಮ್ಮ ಮಾಂಸ ಲ್ಯಾಬಿಗೆ ಹೋಗಿ ಬರತ್ತೆ ಮಗೂ. ಒಂದು ಹನಿ ಮದ್ದು ಸಿಕ್ಕಿಲ್ಲ,” ಅಂದ.

ಅವನು ಸುಳ್ಳು ಹೇಳಲಿಲ್ಲ. ಅಂಗಡಿಗೆ ಹೋಗುವ ಮಾಂಸ ನಿಜಕ್ಕೂ ಚೊಕ್ಕ. ಅದನ್ನು ಚೊಕ್ಕ ಮಾಡುವವಳು ನಾನೇ.

“ಕತ್ತಿನ ತುಂಡಲ್ಲಿದೆ ಸಾರ್,” ಅಂದಳು ಮಿಡತೆ.

“ಅದು ಗುಂಡಿಗೆ ಹೋಗತ್ತೆ.”

“ನಮ್ಮ ಮನೆಗೆ ಬರತ್ತೆ.”

ಧಣಿ ಮೇಸ್ತ್ರಿಯ ಕಡೆ ನೋಡಿದ. ಮೇಸ್ತ್ರಿ ಆಕಾಶದ ಕಡೆ ನೋಡಿದ.

“ಮನೆಗೆ ಬರತ್ತೆ ಅಂದ್ರೆ ಕದ್ದಿದ್ದು ಅಂತ ಆಯ್ತಲ್ಲ,” ಎಂದು ಧಣಿ ಬೇಸರದಿಂದ ಲೋಟ ಕೆಳಗಿಟ್ಟ. “ಯಾರ್ಯಾರ ಮನೆಗೆ ಹೋಗತ್ತೆ ಹೇಳು. ಎಲ್ಲರನ್ನೂ ಕೆಲಸದಿಂದ ತೆಗೀಬೇಕಾಗತ್ತೆ, ಸಾಲುಮನೆ ಖಾಲಿ ಮಾಡಿಸ್ಬೇಕಾಗತ್ತೆ. ನಂಗೆ ಇಷ್ಟ ಇಲ್ಲ. ಆದ್ರೆ ಕಳ್ಳರನ್ನ ಇಟ್ಕೊಂಡು ವ್ಯಾಪಾರ ಮಾಡಕ್ಕಾಗತ್ತಾ? ನೀನೇ ಹೇಳು.”

ಮಿಡತೆ ಮೋಸಗಾತಿಯಲ್ಲ ಎಂದು ತೋರಿಸಬೇಕಾದರೆ ಸಾಲಿನವರೆಲ್ಲ ಕಳ್ಳರೆಂದು ಒಪ್ಪಬೇಕು. ಇಂಥ ಗಂಟು ಹಾಕಲು ಕೂಡ ಓದಿದ ತಲೆಯೇ ಬೇಕು.

“ಒಂದು ದಾರಿ ಇದೆ,” ಧಣಿ ಮೆತ್ತಗೆ ಮುಂದುವರಿಸಿದ. “ಗುರುತಿಲ್ಲದೋನು ಯಾರೋ ಬಸ್‌ಸ್ಟ್ಯಾಂಡಲ್ಲಿ ಮಾತ್ರೆ ಕೊಟ್ಟ, ಶಕ್ತಿಗೆ ಅಂತ ನುಂಗಿದೆ, ತಪ್ಪಾಯ್ತು ಅಂತ ಸಹಿ ಹಾಕು. ನಾನೇ ಅಧ್ಯಕ್ಷ, ನಾನೇ ಶಿಫಾರಸು ಮಾಡ್ತೀನಿ. ನಾಲ್ಕು ವರ್ಷ ಎರಡಾಗತ್ತೆ. ಅಲ್ಲೀವರೆಗೆ ಪ್ಯಾಕಿಂಗಲ್ಲಿ ಕೂತ್ಕೋ, ನೆರಳಿನ ಕೆಲಸ. ಮಗು ಎಡವಿದೆ, ಕ್ಷಮಿಸೋಣ ಅಂತ ಪೇಪರ್ನೋರಿಗೂ ನಾನೇ ಹೇಳ್ತೀನಿ. ನಾಳೆ ಬೆಳಿಗ್ಗೆ ಕಚೇರಿಗೆ ಬಂದ್ಬಿಡು, ಅವರನ್ನೂ ಕರೆಸಿರ್ತೀನಿ.”

ಅಕ್ಕ ಕೈಮುಗಿದಳು. ಬೇಕೆಂದು ಮುಗಿದದ್ದಲ್ಲ, ಅಭ್ಯಾಸ.

ಸಂಜೆ ಸಾಲುಮನೆಯ ನಲ್ಲಿಯ ಹತ್ತಿರ ಎಲ್ಲರೂ ಸೇರಿದರು. ಅವತ್ತಿನ ಬಕೆಟ್ಟು ನಡುವೆ ಕೂತಿತ್ತು. ಅದು ಯಾರ ಸರದಿಯೋ, ಯಾರೂ ಅದರ ಹತ್ತಿರ ಹೋಗಲಿಲ್ಲ. ನಾನು ನಡೆದದ್ದನ್ನೆಲ್ಲ ಬಿಚ್ಚಿ ಹೇಳಿದೆ. ಹೇಳಿ ಮುಗಿಸುವ ಮೊದಲೇ ಕರುಳು ತೊಳೆಯುವವಳು ಸೆರಗು ಬಿಗಿದು ಎದ್ದು ಅಕ್ಕನ ಕಡೆ ತಿರುಗಿದಳು.

“ನಿನ್ ಮಗಳು ಓಡಿದ್ದು ಅವಳ ಕಾಲ ಮೇಲೆ. ಈಗ ನಮ್ಮ ಹೊಟ್ಟೆ ಮೇಲೆ ಓಡ್ತಾಳಾ? ಮೂರು ಮಕ್ಕಳು ಕಟ್ಕೊಂಡು ನಾನೆಲ್ಲಿಗೆ ಹೋಗ್ಲಿ? ಬಾಯಿ ಬಿಟ್ರೆ ನೋಡ್ಕೊಳ್ಳಿ!”

“ಬಾಯಿ ಮುಚ್ಚೇ ಬೋಳಿ!” ಎಂದು ನಾನೂ ಎದ್ದೆ. “ನಿನ್ ಬಾಯಿಗೆ ಬಕೆಟ್ಟು ತಂದು ಹಾಕ್ತಿದ್ದ ಕೈ ಇದು.”

“ತಂದಿದ್ದು ವಿಷ ತಾನೇ, ಅಮೃತ ತಂದೋಳ ಹಂಗೆ ಆಡ್ಬೇಡ!”

ಜಡೆ ಹಿಡಿಯುವುದೊಂದು ಬಾಕಿಯಿತ್ತು. ಮಿಡತೆ ನಡುವೆ ಬಂದು ನಿಂತಳು.

“ಜಗಳ ಬೇಡ. ನಾನು ಸಹಿ ಹಾಕ್ತೀನಿ. ನೀವು ಬರೀ ಗಂಜಿ ಕುಡಿದು ನಂಗೆ ಕೊಟ್ರಿ. ಅದನ್ನ ಕಳ್ಳತನ ಅಂತ ನಾನು ಹೆಂಗೆ ಹೇಳ್ಲಿ? ಓಡದೇ ಇದ್ರೆ ಸಾಯಲ್ಲ ನಾನು.”

ಓಡದೇ ಇದ್ದರೆ ಅವಳು ಸಾಯುತ್ತಾಳೆಂದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಕರುಳು ತೊಳೆಯುವವಳು ಮುಖ ತಿರುಗಿಸಿಕೊಂಡು ಹೋಗಿ ತನ್ನ ಮನೆಯ ಬಾಗಿಲು ಹಾಕಿಕೊಂಡಳು.

“ನಂಗೊಂದು ಅರ್ಥ ಆಗಲ್ಲ,” ಎಂದಳು ಬೊಚ್ಚಜ್ಜಿ. ಕಲ್ಲಿನ ಮೇಲೆ ಕೂತು ಮೊಣಕಾಲು ನೀವಿಕೊಳ್ಳುತ್ತಿದ್ದಳು. “ಇವಳ ಉಚ್ಚೇಲಿ ಆ ಮದ್ದು ಇದ್ರೆ, ಗೆಲ್ಲಕ್ಕೆ ಅಂತ ತಗೊಂಡ್ಲು ಅಂತಾರೆ. ಸರಿಯಪ್ಪ. ಕೂಟ ಮುಗಿದ ಮೇಲೆ ನಾವೆಲ್ಲ ಮತ್ತೆ ತಿಂತಿದೀವಲ್ಲ, ನನ್ನ ಉಚ್ಚೇಲೂ ಇರ್ಬೇಕಲ್ವಾ? ಈ ಮಂಡಿ ಇಟ್ಕೊಂಡು ನಾನು ಯಾರನ್ನ ಗೆಲ್ಲಕ್ಕೆ ಹೋಗಿದ್ದೆ?”

ಯಾರೋ ಕಿಸಕ್ಕನೆ ನಕ್ಕರು.

“ನಗಬೇಡಿ ಮುಂಡೇವಾ. ಅವಳೊಬ್ಬಳದ್ದನ್ನ ನೋಡಿದ್ರೆ ಮೋಸ. ಎಲ್ಲರದ್ದೂ ನೋಡಿದ್ರೆ?”

“ಎಲ್ರದ್ದೂ ನೋಡಿ ಅಂದ್ರೆ ಯಾರು ನೋಡ್ತಾರಜ್ಜಿ?” ಎಂದ ಭಾವ.

“ಕೇಳಿದ್ರೆ ನ್ಯಾಯ ಸಿಗತ್ತಾ? ತಗೊಂಡೋಗಿ ಮೇಜಿನ ಮೇಲಿಡೋದು. ಕಚೇರಿ ಹಿಂಬಾಗಿಲ ಬೀಗದಕೈ ನನ್ನ ಸೊಂಟದಲ್ಲಿದೆ. ಪೇಪರ್ನೋರನ್ನ ಧಣಿನೇ ಕರೆಸಿದಾನೆ, ನಮಗೆ ಆ ಖರ್ಚೂ ಇಲ್ಲ.”

ಅಕ್ಕ ಎದ್ದಳು. ಯಾರ ಮುಖವನ್ನೂ ನೋಡದೆ ಬಕೆಟ್ಟನ್ನು ಎತ್ತಿಕೊಂಡು ಹೋಗಿ ದೊಡ್ಡ ಪಾತ್ರೆಗೆ ಸುರಿದು, ಅಂಗಳದಲ್ಲೇ ಒಲೆ ಹೂಡಿದಳು. ಅವತ್ತು ಗಂಟನ್ನು ಅದುಮಿ ತೆಗೆಯಲಿಲ್ಲ. ಬೆಂದ ಮೇಲೆ ಒಬ್ಬೊಬ್ಬರಾಗಿ ತಟ್ಟೆ ತಂದರು. ಗೊತ್ತಿದ್ದೂ ತಿಂದೆವು, ಮಕ್ಕಳಿಗೆ ಮಾತ್ರ ಕೊಡಲಿಲ್ಲ. “ಬೆಳಿಗ್ಗೆ ಅಷ್ಟೊತ್ತಿಗೆ ಎಲ್ರಿಗೂ ಚಿನ್ನದ ಪದಕ,” ಎಂದು ಯಾರೋ ಹೇಳಿದರು. ನಗು ಬಂದಿತು, ಆದರೆ ಭಯ ಹೋಗಲಿಲ್ಲ. ಕೆಲಸ ಹೋದರೆ, ಮನೆ ಹೋದರೆ ಏನು ಗತಿ ಎಂದು ಪ್ರತಿ ತುತ್ತಿಗೂ ಅನ್ನಿಸುತ್ತಿತ್ತು.

ಮರುದಿನ ಸಂಘದ ಕಚೇರಿಯಲ್ಲಿ ಕ್ಯಾಮೆರಾ ಹಿಡಿದವರು ಸಾಲಾಗಿ ನಿಂತಿದ್ದರು. ಗಾಜಿನ ಮೇಜಿನ ಹಿಂದೆ ಧಣಿ, ಅವನ ಎಡಕ್ಕೆ ಕಾರ್ಯದರ್ಶಿ, ಬಲಕ್ಕೆ ಆಫೀಸರಮ್ಮ. ಮಿಡತೆಗೆ ಅವತ್ತು ಕುರ್ಚಿ ಕೊಟ್ಟಿದ್ದರು, ಚಿತ್ರ ಚೆನ್ನಾಗಿ ಬರಲೆಂದು. ಇದೆಲ್ಲ ಹಿಂಬಾಗಿಲ ಸಂದಿಯಿಂದ ನನಗೆ ಕಾಣುತ್ತಿತ್ತು.

“ನಮ್ಮ ಹೆಣ್ಣುಮಗಳು ಎಡವಿದ್ದಾಳೆ,” ಎಂದು ಧಣಿ ಕ್ಯಾಮೆರಾಗಳಿಗೆ ಹೇಳಿದ. “ಆದರೆ ಧೈರ್ಯವಾಗಿ ಒಪ್ಪಿಕೊಳ್ಳುತ್ತಿದ್ದಾಳೆ.” ಕಾರ್ಯದರ್ಶಿ ಅವಳ ಕೈಗೆ ಪೆನ್ನು ಕೊಟ್ಟ.

ಬೊಚ್ಚಜ್ಜಿ ಬಾಗಿಲು ತಳ್ಳಿದಳು.

ಮೊದಲು ಅವಳೇ ಹೋದಳು, ಕುಂಟುತ್ತ. ಸೊಂಟದಿಂದ ಒಂದು ಸಣ್ಣ ಬಾಟಲಿ ತೆಗೆದು ಮೇಜಿನ ಮೇಲೆ, ಧಣಿಯ ಕಾಫಿ ಲೋಟದ ಪಕ್ಕದಲ್ಲಿ ಇಟ್ಟಳು. ಹಿಂದೆ ನಾನು ನನ್ನದನ್ನಿಟ್ಟೆ. ಭಾವ ಇಟ್ಟ. ಚರ್ಮ ಸುಲಿಯುವವರು, ಮೂಳೆ ಕಡಿಯುವವರು, ದೊಡ್ಡಿ ಬಾಚುವವರು ಬಂದರು. ಎಣ್ಣೆಯ ಬಾಟಲಿ, ಔಷಧಿಯ ಬಾಟಲಿ, ಉಪ್ಪಿನ ಡಬ್ಬಿ, ಯಾರಿಗೆ ಏನು ಸಿಕ್ಕಿತ್ತೋ ಅದು. ಕೆಲವು ಇನ್ನೂ ಬೆಚ್ಚಗಿದ್ದವು, ಗಾಜಿನ ಮೇಲೆ ಅವುಗಳ ಸುತ್ತ ಆವಿ ಮೂಡಿತು. ಕೊನೆಯಲ್ಲಿ ಏದುಸಿರು ಬಿಡುತ್ತ ಕರುಳು ತೊಳೆಯುವವಳು ಬಂದಳು. ಎಲ್ಲರಿಗಿಂತ ದೊಡ್ಡ ಬಾಟಲಿ ಅವಳದೇ. ನನ್ನ ಕಡೆ ನೋಡದೆ ಅದನ್ನು ಟಪ್ಪನೆ ಇಟ್ಟಳು.

“ಏನಿದು? ಏನು ಅಸಹ್ಯ ಇದು?” ಕಾರ್ಯದರ್ಶಿ ಎದ್ದು ನಿಂತ. “ಇವರನ್ನೆಲ್ಲ ಒಳಗೆ ಬಿಟ್ಟೋರು ಯಾರು?”

“ನೀವು ತಗೊಂಡೋಗೋ ಮಾಲೇ ಸ್ವಾಮಿ,” ಎಂದೆ ನಾನು. “ಮುದ್ರೆ ಒತ್ತಿ. ಐಸಲ್ಲಿಡಿ. ವಿಮಾನ ಹತ್ಸಿ. ಅವಳದ್ದರಲ್ಲಿ ಸಿಕ್ಕಿದ್ದು ಇದರಲ್ಲೂ ಸಿಗತ್ತಾ ನೋಡಿ.”

ಕ್ಯಾಮೆರಾಗಳು ಬಾಟಲಿಗಳ ಕಡೆ ತಿರುಗಿದವು. ಧಣಿ ಮುಖದ ಮೇಲಿನ ನಗುವನ್ನು ತೆಗೆಯಲು ಮರೆತಿದ್ದ. “ಇವರು ನಮ್ಮ ಕೆಲಸಗಾರರು, ತಿಳಿವಳಿಕೆ ಇಲ್ಲದ ಜನ. ಯಾರೋ ತಲೆ ಕೆಡಿಸಿದ್ದಾರೆ. ನಮ್ಮ ಮಾಂಸದಲ್ಲಿ ಏನೂ ಇಲ್ಲ,” ಎಂದ.

“ಇಲ್ಲ ಧಣಿ, ನಿಮ್ಮ ಮಾಂಸದಲ್ಲಿ ಏನೂ ಇಲ್ಲ,” ಎಂದಳು ಅಕ್ಕ. ಅವಳು ಮಗಳ ಕುರ್ಚಿಯ ಹಿಂದೆ ಬಂದು ನಿಂತಿದ್ದಳು. ಕಸಾಯಿಖಾನೆಯಲ್ಲಿ ಮೇಸ್ತ್ರಿಯ ಮುಂದೆ ಒಂದೇ ಪದ ಆಡುವ ನನ್ನಕ್ಕನಿಗೆ ಅಷ್ಟು ದೊಡ್ಡ ದನಿ ಇದೆಯೆಂದು ನನಗೇ ಗೊತ್ತಿರಲಿಲ್ಲ. “ನಿಮ್ಮ ಹಂದಿ ಕತ್ತಲ್ಲಿ ಸೂಜಿ ಬಿದ್ದ ತುಂಡನ್ನ ಕದ್ದು ತಿನ್ನೋರು ನಾವು. ದಿನಾ ತಿಂತೀವಿ. ಇವಳಿಗೂ ತಿನ್ಸಿದ್ದು ನಾನೇ. ಬರ್ಕೊಳ್ರಪ್ಪ ಎಲ್ಲರೂ. ನನ್ ಮಗಳು ಮೋಸಗಾತಿ ಅಲ್ಲ. ಕಳ್ಳಿ ಮಗಳು.”

ಮಿಡತೆ ಪೆನ್ನಿಗೆ ಟೋಪಿ ಹಾಕಿ ಮೇಜಿನ ಮೇಲಿಟ್ಟಳು. ಎದ್ದು ಆಫೀಸರಮ್ಮನ ಕಡೆ ತಿರುಗಿ, “ಮೇಡಂ, ನಂದೂ ಇನ್ನೊಂದ್ಸಲ ತಗೊಳ್ಳಿ. ಬಾಗಿಲು ತೆಗೆದೇ ಕೂರ್ತೀನಿ,” ಎಂದಳು. ಆಫೀಸರಮ್ಮ ಕುರ್ಚಿಯನ್ನು ಹಿಂದಕ್ಕೆ ಎಳೆದುಕೊಂಡಳು.

ಅಷ್ಟರಲ್ಲಿ ಧಣಿಯ ಮೊಬೈಲು ಬಡಿದುಕೊಂಡಿತು. ಮೇಸ್ತ್ರಿಯ ಗಂಟಲು ನಮಗೂ ಕೇಳಿಸುವಷ್ಟು ದೊಡ್ಡದಾಗಿತ್ತು. “ಧಣಿ, ಒಬ್ರೂ ಬಂದಿಲ್ಲ! ಸರಪಳಿ ನಿಲ್ಸಿದೀನಿ, ಹಂದಿಯೆಲ್ಲ ನೇತಾಡ್ತಿವೆ!”

ಕಾರ್ಯದರ್ಶಿ ಒಂದು ಕೈಯಲ್ಲಿ ಮೂಗು ಹಿಡಿದುಕೊಂಡು, ಇನ್ನೊಂದು ಕೈಯಿಂದ ಮೇಜಿನಂಚಿನ ಗುಂಡಿ ಒತ್ತಿದ. ಹೊರಗೆ ಗಂಟೆ ಬಾರಿಸಿತು. “ಯಾರಲ್ಲಿ? ಬಂದು ಎತ್ತಿ ಇದನ್ನೆಲ್ಲ! ಬೇಗ!”

ಆ ಗಂಟೆಗೆ ಓಡಿಬರಬೇಕಾದವಳು ನನ್ನ ಪಕ್ಕದಲ್ಲೇ ನಿಂತಿದ್ದಳು. ಬೊಚ್ಚಜ್ಜಿ ತಲೆ ಓರೆ ಮಾಡಿ ಕೇಳಿಸಿಕೊಂಡಳು.

“ಗಂಟೆ ಹೊಡೀತಿದೆ,” ಎಂದಳು ನನಗೆ.

“ಹೊಡೀಲಿ ಬಿಡಜ್ಜಿ,” ಎಂದೆ.

ಅವಳು ಹೋಗಿ ಮಿಡತೆ ಬಿಟ್ಟೆದ್ದ ಕುರ್ಚಿಯಲ್ಲಿ ಮಂಡಿ ನೀವಿಕೊಳ್ಳುತ್ತ ಕೂತಳು. ಬಾಟಲಿಗಳು ಇದ್ದಲ್ಲೇ ಇದ್ದವು. ಮೇಜಿನ ಆ ಕಡೆ ಇದ್ದ ಮೂವರಲ್ಲಿ ಯಾರೂ ಅವನ್ನು ಮುಟ್ಟಲು ಮುಂದೆ ಬರಲಿಲ್ಲ. ಕಾರ್ಯದರ್ಶಿ ಗುಂಡಿಯ ಮೇಲಿಂದ ಬೆರಳು ತೆಗೆಯಲಿಲ್ಲ. ಗಂಟೆ ಬಾರಿಸುತ್ತಲೇ ಇತ್ತು.